ಬಾಗಿಲಲ್ಲಿ ಮೂರೇ ಜೊತೆ ಚಪ್ಪಲಿ

ಸ್ವಲ್ಪ ತಾಳಿ. ಈ ಅಧ್ಯಾಯದಲ್ಲಿ ಒಂದು ಜೊತೆ ಕಂದು ಬಣ್ಣದ ಹೆಂಗಸರ ಚಪ್ಪಲಿ ಬರುತ್ತದೆ. ಬರುವುದು ಕೊನೆಯಲ್ಲಿ. ಅಲ್ಲಿಯವರೆಗೆ ನೀವು ಕಾಯಬೇಕು. ನಮ್ಮ ಅಮ್ಮ ಅದಕ್ಕಾಗಿ ಇಪ್ಪತ್ತೆಂಟು ವರ್ಷ ಕಾದಳು, ನೀವು ಒಂದಷ್ಟು ಪುಟ ಕಾಯುವುದು ದೊಡ್ಡದಲ್ಲ. ಈಗಲೇ ಹೇಳಿಬಿಟ್ಟರೆ ಅದು ಬರೀ ಚಪ್ಪಲಿ ಅನ್ನಿಸುತ್ತದೆ. ಮೊದಲು ಮನೆ ನೋಡಿ, ಮನೆಯವರನ್ನು ನೋಡಿ, ನಾನು ಹನ್ನೊಂದನೆಯ ವಯಸ್ಸಿನಲ್ಲಿ ಹೇಳಿದ ಒಂದು ಸುಳ್ಳನ್ನು ನೋಡಿ. ಆಮೇಲೆ ಅದು ತಾನಾಗಿ ಬರುತ್ತದೆ.

ಹೊನ್ನವಳ್ಳಿಯಿಂದ ಸ್ವಲ್ಪ ಆಚೆಗೆ, ತೆಂಗಿನ ತೋಟಗಳ ನಡುವೆ ನಮ್ಮ ಊರು. ಊರಿನಲ್ಲಿ ಕ್ರೈಸ್ತರ ಮನೆ ಆರೇ ಆರು. ಆ ಆರು ಮನೆಗೆ ಸೇರಿ ಶೀಟು ಹೊದಿಸಿದ ಒಂದು ಜಪದ ಮನೆ. ಸ್ವಾಮಿಗಳು, ಅಂದರೆ ನಮ್ಮ ಪಾದ್ರಿಗಳು, ತಿಂಗಳಿಗೊಮ್ಮೆ ತಿಪಟೂರಿನಿಂದ ಬೈಕಿನಲ್ಲಿ ಬಂದು ಅಲ್ಲಿ ಪೂಜೆ ಮಾಡುತ್ತಿದ್ದರು. ಉಳಿದ ಭಾನುವಾರ ನಾವೇ ಬಸ್ಸು ಹಿಡಿದು ತಿಪಟೂರಿನ ಚರ್ಚಿಗೆ ಹೋಗಬೇಕು. ನಮ್ಮ ಮನೆ ಎರಡು ಅಂಕಣದ್ದು. ಮುಂದಿನ ಕೋಣೆಯಲ್ಲಿ ಯೇಸುವಿನ ತಿರುಹೃದಯದ ಪಟ, ಅದರ ಕೆಳಗೆ ಹಗಲೂ ರಾತ್ರಿ ಉರಿಯುವ ಕೆಂಪು ಬಲ್ಬು. ಬೋರ್‌ವೆಲ್ ಮೋಟರ್ ಶುರುವಾದರೆ ಆ ಬಲ್ಬು ಸಣ್ಣಗಾಗುತ್ತಿತ್ತು, ನಿಂತರೆ ದೊಡ್ಡದಾಗುತ್ತಿತ್ತು. ಪಟದ ಕೆಳಗೆ ಅಣ್ಣನ ತಗಡಿನ ಟ್ರಂಕು. ಒಳಗಿನದು ಅಡುಗೆ ಮನೆ, ಹಿತ್ತಿಲಲ್ಲಿ ಸೌದೆಯ ಬದಲಿಗೆ ಮಟ್ಟೆ, ಚಿಪ್ಪು, ಒಣಗಿದ ಗರಿಗಳ ರಾಶಿ. ಅಪ್ಪ ಚೌರಪ್ಪ ಕೊಬ್ಬರಿ ಸುಲಿಯುವ ಕೆಲಸದವನು. ಅಮ್ಮ ಆರೋಗ್ಯಮ್ಮ. ಅಣ್ಣ ಇನ್ನಾಸಿ. ನಾನು ಲೂರ್ದು, ಅಣ್ಣನಿಗಿಂತ ಎಂಟು ವರ್ಷ ಚಿಕ್ಕವಳು.

ನಮ್ಮ ಬಾಗಿಲಿಗೆ ಯಾರೇ ಬಂದರೂ ಒಂದು ಸಲ ನೆಲ ನೋಡುತ್ತಿದ್ದರು. ನಾಲ್ಕು ಜನರ ಮನೆ, ಚಪ್ಪಲಿ ಮೂರೇ ಜೊತೆ. ಅಣ್ಣ ಸ್ವಾಮಿಯಾಗುವ ಓದಿಗೆ ಗುರುಮಠಕ್ಕೆ ಹೋದ ಮೇಲೆ ಎರಡೇ. ಅಮ್ಮ ಚಪ್ಪಲಿ ಹಾಕುತ್ತಿರಲಿಲ್ಲ. ಅಣ್ಣ ಹುಟ್ಟಿದಾಗ ಅಳಲಿಲ್ಲವಂತೆ, ಮೈ ನೀಲಿಗಟ್ಟಿತ್ತಂತೆ. ಸೂಲಗಿತ್ತಿ ಮಗುವನ್ನು ತಲೆಕೆಳಗಾಗಿ ಹಿಡಿದು ಬೆನ್ನಿಗೆ ಬಡಿಯುತ್ತಿರುವಾಗ ಅಮ್ಮ ಮಲಗಿದಲ್ಲೇ ದೇವರಿಗೆ ಮಾತು ಕೊಟ್ಟಳು: ಈ ಮಗ ಉಳಿದರೆ ನಿನಗೇ ಕೊಡುತ್ತೇನೆ, ಅವನು ಸ್ವಾಮಿಯಾಗಿ ಮೊದಲ ಪೂಜೆಗೆ ನಿಲ್ಲುವವರೆಗೂ ಕಾಲಿಗೆ ಚಪ್ಪಲಿ ಮೆಟ್ಟುವುದಿಲ್ಲ. ಮಗು ಅತ್ತಿತು. ಅಲ್ಲಿಗೆ ಮುಗಿಯಿತು, ಅಥವಾ ಶುರುವಾಯಿತು. ನಮ್ಮ ಕಡೆ ನೆಲ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ತೋಟದೊಳಗೆ ತಂಪು, ದಾಟಿ ಹೊಲಕ್ಕೆ ಬಿದ್ದರೆ ನೆಗ್ಗಿಲು ಮುಳ್ಳು. ಏಪ್ರಿಲ್ ಬಂತೆಂದರೆ ಡಾಂಬರು ರಸ್ತೆ ಕಾದು ಮೆತ್ತಗಾಗುತ್ತದೆ. ಬಸ್ ನಿಲ್ದಾಣದಲ್ಲಿ ಅಮ್ಮ ಯಾವಾಗಲೂ ನೆರಳು ಹುಡುಕಿ ನಿಲ್ಲುತ್ತಿದ್ದಳು. ನೆರಳು ಇಲ್ಲದಿದ್ದರೆ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಲ್ಲುತ್ತಿದ್ದಳು.

ಈ ವಿಷಯಕ್ಕೆ ಅಪ್ಪನಿಗೂ ಅಮ್ಮನಿಗೂ ವರ್ಷಕ್ಕೆ ಎರಡು ಜಗಳವಾದರೂ ಖಾಯಂ. ಅಪ್ಪ ಒಳ್ಳೆಯವನು, ಬಾಯಿ ಮಾತ್ರ ಜೋರು.

"ದೇವ್ರು ನಿನ್ ಚಪ್ಲಿ ಕೇಳಿದ್ನಾ? ಮಗನ್ನ ಕೇಳ್ದ, ಕೊಟ್ಟೆ. ಕಾಲು ಯಾಕೆ ಕೊಡ್ತೀಯ?"

"ಬಾಯಿ ಮುಚ್ಚು. ಹೊತ್ತ ಹರಕೆ ಹೊತ್ತಂಗೇ ಇರ್ಬೇಕು."

"ಹಂಗಾರೆ ನಾನೂ ಇವತ್ತಿಂದ ಹಾಕ್ಕಳಲ್ಲ. ಊರೆಲ್ಲ ನೋಡ್ಲಿ, ಚೌರಪ್ಪನ ಮನೇರಿಗೆಲ್ಲ ತಲೆ ಕೆಟ್ಟೈತೆ ಅನ್ಲಿ."

ಅಪ್ಪ ನಿಜವಾಗಿಯೂ ಮೂರು ದಿನ ಬರಿಗಾಲಿನಲ್ಲಿ ಕೆಲಸಕ್ಕೆ ಹೋದ. ನಾಲ್ಕನೆಯ ದಿನ ಬೆಳಗ್ಗೆ ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟ. ಅಮ್ಮ ಒಲೆಯ ಮುಂದೆ ಕೂತು ಸದ್ದಿಲ್ಲದೆ ನಕ್ಕಳು. ಅವಳು ನಕ್ಕದ್ದು ನೆನಪಿರುವುದೇ ಅಂಥ ಎರಡು ಮೂರು ಸಲ.

ಹರಕೆಯ ವಿಷಯ ಸ್ವಾಮಿಗಳಿಗೆ ಮಾತ್ರ ಯಾರೂ ಹೇಳಕೂಡದು ಎಂದು ಅಮ್ಮನ ಕಟ್ಟಪ್ಪಣೆ. ಗುರುಮಠದ ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತದೆ, ಹುಡುಗ ತನ್ನ ಸ್ವಂತ ಇಚ್ಛೆಯಿಂದ ಬರುತ್ತಿದ್ದಾನೆಯೇ, ಮನೆಯವರ ಒತ್ತಾಯವಿದೆಯೇ ಎಂದು. ತನ್ನ ಕಾಲು ನೋಡಿದರೆ ಅದು ಒತ್ತಾಯ ಅಂದುಕೊಂಡುಬಿಡುತ್ತಾರೆ ಎಂದು ಅವಳಿಗೆ ಭಯ. ಸ್ವಾಮಿಗಳು ಬಂದ ದಿನ ಸೀರೆಯ ಅಂಚನ್ನು ಹಿಮ್ಮಡಿಯವರೆಗೆ ಇಳಿಬಿಟ್ಟು ಓಡಾಡುತ್ತಿದ್ದಳು.

ಅಣ್ಣ ಎಸ್ಸೆಸ್ಸೆಲ್ಸಿ ಮುಗಿಸಿ ಚಿಕ್ಕ ಗುರುಮಠಕ್ಕೆ ಸೇರಿದ. ಅಲ್ಲಿದ್ದುಕೊಂಡು ಎರಡು ವರ್ಷ ಪಿಯುಸಿ ಓದುವುದು. ಆಮೇಲೆ ದೊಡ್ಡ ಗುರುಮಠ. ಅಲ್ಲಿ ತತ್ವಶಾಸ್ತ್ರ, ನಡುವೆ ಯಾವುದಾದರೂ ಚರ್ಚಿನಲ್ಲಿ ಒಂದು ಎರಡು ವರ್ಷ ಸೇವೆ, ಆಮೇಲೆ ದೇವಶಾಸ್ತ್ರ. ಒಟ್ಟು ಹತ್ತು ಹನ್ನೆರಡು ವರ್ಷದ ದಾರಿ. ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ. ಮೊದಲ ರಜೆಗೆ ಬಂದಾಗ ಅಣ್ಣ ಟ್ರಂಕಿನಲ್ಲಿ ನೀಲಿ ರಟ್ಟಿನ ಒಂದು ಸಣ್ಣ ಪುಸ್ತಕ ತಂದಿದ್ದ, ಗುರುಮಠದ ನಿಯಮಗಳು. ನಾನು ಅದನ್ನು ಕದ್ದು ಓದಿದೆ. ಓದಿ ಓದಿ ಬಾಯಿಪಾಠವಾಯಿತು. ಐದೂವರೆಗೆ ಗಂಟೆ, ಆರಕ್ಕೆ ಧ್ಯಾನ, ಆರೂವರೆಗೆ ಪೂಜೆ. ರಾತ್ರಿಯ ಪ್ರಾರ್ಥನೆ ಮುಗಿದ ಮೇಲೆ ಮಹಾಮೌನ, ಮರುದಿನ ಬೆಳಗಿನವರೆಗೆ ಒಂದು ಮಾತಿಲ್ಲ. ಬಟ್ಟೆ ಹೇಗೆ ಮಡಿಸಬೇಕು, ಊಟದ ಹೊತ್ತಿನಲ್ಲಿ ಒಬ್ಬರು ಓದುವಾಗ ಉಳಿದವರು ಹೇಗೆ ಕೇಳಬೇಕು, ಕಾಗದಗಳನ್ನು ಯಾರಿಗೆ ತೋರಿಸಿ ಅಂಚೆಗೆ ಹಾಕಬೇಕು. ನನಗೆ ಅದು ಯಾವುದೋ ಅರಮನೆಯ ಕಟ್ಟಳೆಯಂತೆ ಕಂಡಿತು. ನಾನು ಹುಡುಗಿ, ಆ ಮನೆಯೊಳಗೆ ನನಗೆ ಯಾವತ್ತೂ ಪ್ರವೇಶವಿಲ್ಲ ಎಂದು ಗೊತ್ತಾದ ಮೇಲಂತೂ ಅದರ ಮೇಲಿನ ಆಸೆ ಇನ್ನೂ ಹೆಚ್ಚಾಯಿತು. ಇವತ್ತಿಗೂ ಎಲ್ಲಿ ಗುರುಮಠದ ಬಗ್ಗೆ ನಾಲ್ಕು ಸಾಲು ಕಂಡರೂ ನಿಂತು ಓದುತ್ತೇನೆ. ಶಾಲೆಯಲ್ಲಿ ಕಲಿತದ್ದಕ್ಕಿಂತ ಹೆಚ್ಚು ಇದನ್ನೇ ಕಲಿತಿದ್ದೇನೆ.

ಮನೆಯನ್ನೂ ನಾನೇ ಗುರುಮಠ ಮಾಡಲು ಹೊರಟೆ. ಹಿತ್ತಾಳೆ ಲೋಟಕ್ಕೆ ಚಮಚ ಬಡಿದು ಗಂಟೆ. ಅಮ್ಮ ಸಂತೋಷದಿಂದ ಒಪ್ಪಿದಳು. ಊಟದ ಹೊತ್ತಿಗೆ ನಾನು ಸಂತರ ಕಥೆ ಓದುವುದು, ಉಳಿದವರು ಸುಮ್ಮನೆ ಉಣ್ಣುವುದು. ರಾತ್ರಿ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಮಹಾಮೌನ. ಅಪ್ಪನಿಂದ ಮಾತ್ರ ಆಗುತ್ತಿರಲಿಲ್ಲ. ಕತ್ತಲಲ್ಲಿ ಚಾಪೆಯ ಮೇಲಿಂದ ಅವನ ದನಿ ಬರುತ್ತಿತ್ತು.

"ಲೇ ಲೂರ್ದು, ಮೌನದಲ್ಲಿ ಬೀಡಿ ಸೇದ್ಬೋದಾ?"

ನಾನು ಉತ್ತರ ಕೊಡುವಂತಿಲ್ಲ, ಮೌನ. ಅಪ್ಪ ಮತ್ತೆ, "ಉತ್ರ ಇಲ್ಲ ಅಂದ್ರೆ ಸೇದ್ಬೋದು ಅಂತ" ಎಂದು ಎದ್ದು ಹೊರಗೆ ಹೋಗುತ್ತಿದ್ದ. ಒಮ್ಮೆ ಅವನು ಅಮ್ಮನಿಗೆ ಹೇಳಿದ ಮಾತು ತಮಾಷೆಯದೇ, ಆದರೆ ನನ್ನ ಎದೆಯಲ್ಲಿ ಕೂತುಬಿಟ್ಟಿತು.

"ನೀನು ತಪ್ಪು ಮಗೀನ ಹರಕೆ ಹೊತ್ತೆ ಕಣೇ. ಇವಳ್ನ ಕಳ್ಸಿದ್ರೆ ಇಷ್ಟೊತ್ಗೆ ಬಿಷಪ್ಪೇ ಆಗೋಳು."

ಈಗ ರಜೆಯ ಕಾಗದದ ವಿಷಯ. ರಜೆಗೆ ಬರುವ ಪ್ರತಿ ಹುಡುಗನ ಕೈಯಲ್ಲಿ ಗುರುಮಠದವರು ಒಂದು ನಮೂನೆ ಕೊಟ್ಟು ಕಳಿಸುತ್ತಾರೆ. ಊರಿನ ಸ್ವಾಮಿಗಳು ಅದನ್ನು ತುಂಬಬೇಕು. ಹುಡುಗ ಪೂಜೆಗೆ ಬರುತ್ತಿದ್ದನೇ, ಪ್ರಾರ್ಥನೆ ತಪ್ಪಿಸಲಿಲ್ಲವೇ, ಯಾರ ಜೊತೆ ಓಡಾಡಿದ, ಮನೆಯಲ್ಲಿ ಹೇಗಿದ್ದ, ಈ ದಾರಿಯಲ್ಲಿ ಮುಂದುವರಿಯಲು ಮನಸ್ಸಿದೆ ಎನಿಸುತ್ತದೆಯೇ. ತುಂಬಿ ಲಕೋಟೆಗೆ ಅಂಟು ಹಾಕಿ ಹುಡುಗನ ಕೈಗೇ ಕೊಡುತ್ತಾರೆ. ಅವನು ಅದನ್ನು ಒಡೆಯದೆ ಹೊತ್ತುಕೊಂಡು ಹೋಗಬೇಕು. ನಮ್ಮ ಸ್ವಾಮಿಗಳು ವಯಸ್ಸಾದವರು, ಬೇರೆ ಕಡೆಯಿಂದ ಬಂದವರು, ನಗುಮುಖ. ಅವರದು ಒಂದು ಪದ್ಧತಿ ಇತ್ತು. ರಜೆಯ ಕೊನೆಯಲ್ಲಿ ಹುಡುಗನ ಮನೆಗೇ ಊಟಕ್ಕೆ ಬರುತ್ತಿದ್ದರು. ಊಟದ ನಡುವೆ ಆ ಮನೆಯ ಅತಿ ಚಿಕ್ಕವರನ್ನು ಕರೆದು ಕೇಳುತ್ತಿದ್ದರು. ದೊಡ್ಡವರು ಹುಡುಗನನ್ನು ಬಿಟ್ಟುಕೊಡುವುದಿಲ್ಲ, ಚಿಕ್ಕವರಿಗೆ ಮುಚ್ಚಿಡಲು ಬರುವುದಿಲ್ಲ ಎಂದು ಅವರ ನಂಬಿಕೆ. ಮೊದಲ ವರ್ಷ ನನ್ನನ್ನು ಕೇಳಿದಾಗ ನಾನು, ಅಣ್ಣ ಜಪಸರದಲ್ಲಿ ನಾನು ತೂಕಡಿಸಿದರೆ ಕಿವಿ ಹಿಂಡುತ್ತಾನೆ ಎಂದೆ. ಅದು ನಿಜ. ಸ್ವಾಮಿಗಳು ಎಲೆಯ ಮುಂದೆ ಕೂತೇ ಬಿದ್ದು ಬಿದ್ದು ನಕ್ಕು, "ಇದನ್ನೇ ಬರೀತೀನಿ ನೋಡು" ಎಂದು ಅದನ್ನೇ ಬರೆದರಂತೆ.

ಎರಡನೆಯ ವರ್ಷ ಪಿಯುಸಿ ಮುಗಿಸಿ ಬಂದ ಅಣ್ಣ ಬೇರೆಯೇ ಆಗಿದ್ದ. ಕಿವಿ ಹಿಂಡಲಿಲ್ಲ. ಬಟ್ಟೆಯನ್ನು ಮಾತ್ರ ಇಸ್ತ್ರಿ ಹಾಕಿದಂತೆ ಮಡಿಸುತ್ತಿದ್ದ, ತಟ್ಟೆಯಲ್ಲಿ ಒಂದು ಅಗುಳು ಬಿಡುತ್ತಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಅಮ್ಮನಿಗೆ ಅದೇ ಸಂತೋಷ. ಮಗ ಸ್ವಾಮಿಯಂತೆ ಗಂಭೀರನಾಗುತ್ತಿದ್ದಾನೆ ಎಂದು ಶಿವಗಂಗಮ್ಮನ ಮುಂದೆ ಹೇಳಿಕೊಂಡಳು. ಶಿವಗಂಗಮ್ಮನವರು ಅಪ್ಪ ಕೆಲಸ ಮಾಡುತ್ತಿದ್ದ ತೋಟದ ಯಜಮಾನಿ. ಕತ್ತಿನಲ್ಲಿ ಲಿಂಗದ ಕರಡಿಗೆ ಕಟ್ಟಿದ, ದಿನಕ್ಕೆರಡು ಸಲ ಲಿಂಗಪೂಜೆ ಮಾಡುವ ಹೆಂಗಸು. ಅಮ್ಮನ ಹರಕೆ ಅವರಿಗೆ ಗೊತ್ತಿತ್ತು.

"ಮಠಕ್ಕೆ ಮರಿ ಬುಟ್ಟಂಗೆ ಅಲ್ವೇನೇ ಆರೋಗ್ಯಮ್ಮ ಇದು? ನಮ್ಮೋರಲ್ಲೂ ಹುಡುಗ್ರುನ್ನ ಹಂಗೆ ಬುಡ್ತಾರೆ. ಆದ್ರೆ ಮರಿಗೆ ಮನಸಿರ್ಬೇಕು ಕಣೇ. ಇಲ್ದಿದ್ರೆ ಕಾವಿ ಮೈಮ್ಯಾಲೆ ನಿಲ್ಲಲ್ಲ."

"ನಮ್ ಇನ್ನಾಸಿಗೆ ಮನಸೈತೆ ಕಣಕ್ಕ. ದಿನಾ ಬೆಳಗ್ಗೆ ಒಂದು ಗಂಟೆ ಜಪದ ಮನೇಲಿ ಒಬ್ನೇ ಕುಂತಿರ್ತಾನೆ."

ಕೂತಿರುತ್ತಿದ್ದ, ಅದು ನಿಜ. ದೂರದ ಚರ್ಚಿಗೆ ದಿನಾ ಹೋಗಲಾಗದು ಎಂದು ಸ್ವಾಮಿಗಳು ವಾರದ ದಿನಗಳಲ್ಲಿ ಜಪದ ಮನೆಯಲ್ಲೇ ಧ್ಯಾನ, ಪ್ರಾರ್ಥನೆ ಮಾಡಿಕೊಳ್ಳಲು ಹೇಳಿದ್ದರು. ಕೀಲಿ ಅಣ್ಣನ ಕೈಯಲ್ಲಿತ್ತು. ಗುರುಮಠದವರು ಧ್ಯಾನ ಹೇಗೆ ಮಾಡುತ್ತಾರೆ ಎಂದು ನೋಡುವ ಆಸೆಗೆ ಒಂದು ಬೆಳಗ್ಗೆ ನಾನು ಹಿಂದಿನಿಂದ ಹೋಗಿ ಕಿಟಕಿಯಲ್ಲಿ ಇಣುಕಿದೆ. ಅಣ್ಣ ಪೀಠದ ಕಡೆಗೆ ಬೆನ್ನು ಹಾಕಿ ಗೋಡೆಗೆ ಒರಗಿ ಕೂತಿದ್ದ. ಪ್ರಾರ್ಥನೆಯ ಪುಸ್ತಕ ಪಕ್ಕದಲ್ಲಿ ಮುಚ್ಚಿತ್ತು. ಅವನು ಗಡಿಯಾರ ನೋಡುತ್ತಿದ್ದ. ಬಹಳ ಹೊತ್ತು ನೋಡಿದ. ಗಂಟೆ ಏಳಾದ ತಕ್ಷಣ ಎದ್ದು, ಪುಸ್ತಕ ತೆಗೆದುಕೊಂಡು, ಅದರ ಗುರುತಿನ ದಾರವನ್ನು ಎರಡು ಹಾಳೆ ಮುಂದಕ್ಕೆ ಹಾಕಿ ಬೀಗ ಹಾಕಿಕೊಂಡು ಹೊರಟ. ಮರುದಿನವೂ ಹೋಗಿ ನೋಡಿದೆ, ಹಾಗೆಯೇ. ಮೂರನೆಯ ದಿನವೂ. ನನಗೆ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ನನಗೆ ಸಿಗದ ಜಾಗದಲ್ಲಿ ಕೂತು ಅವನು ಗಡಿಯಾರ ನೋಡುತ್ತಿದ್ದ.

ಅದೇ ವಾರ ಅಮ್ಮನ ಕಾಲಿಗೆ ಚಿಪ್ಪು ಚುಚ್ಚಿತು. ಹಿತ್ತಿಲಲ್ಲಿ ಒಡೆದು ಬಿದ್ದ ಚಿಪ್ಪಿನ ಚೂರು, ಎಡಗಾಲಿನ ಹೆಬ್ಬೆರಳಿನ ಬುಡಕ್ಕೆ, ಒಳಗೆ ಮುರಿದುಕೊಂಡು ಉಳಿಯಿತು. ಅವಳು ಅರಿಶಿನ ಮೆತ್ತಿ ಕಟ್ಟಿಕೊಂಡು ನಾಲ್ಕು ದಿನ ಓಡಾಡಿದಳು. ಐದನೆಯ ದಿನ ಕಾಲು ಊದಿ, ಜ್ವರಕ್ಕೆ ಮೈ ಸುಡತೊಡಗಿ, ಅಪ್ಪ ಅವಳನ್ನು ಹೊತ್ತುಕೊಂಡು ಆಸ್ಪತ್ರೆಗೆ ಹೋದ. ಚೂರನ್ನು ಕೊಯ್ದು ತೆಗೆದರು. ಮನೆಗೆ ಬಂದ ಮೇಲೆ ಶಿವಗಂಗಮ್ಮ ನೋಡಲು ಬಂದರು.

"ಸಾಕು ಬುಡೇ. ತಪ್ಪು ಕಾಣಿಕೆ ಹಾಕಿ ಹರಕೆ ಇಳಿಸ್ಕೋ. ನಮ್ ದೇವ್ರು ಒಪ್ತಾನೆ, ನಿಮ್ ದೇವ್ರು ಒಪ್ಪಲ್ವಾ?"

"ಅಂಗೆಲ್ಲ ಇಲ್ಲ ಕಣಕ್ಕ ನಮ್ಮಲ್ಲಿ. ಅವನು ಸ್ವಾಮಿ ಆಗ್ಬೇಕು, ಆವಾಗ್ಲೇ. ಇಲ್ದಿದ್ರೆ ಸಾಯೋವರ್ಗೂ ಇಂಗೇ."

ಸಾಯುವವರೆಗೂ ಹೀಗೇ. ನಾನು ಅವಳ ಕಾಲ ಬುಡದಲ್ಲಿ ಕೂತಿದ್ದೆ. ಗಾಯದ ಬಟ್ಟೆ ಬದಲಿಸುವ ಕೆಲಸ ನನ್ನದು. ಹಿಮ್ಮಡಿಯಲ್ಲಿ ಬೆರಳು ತೂರುವಷ್ಟು ಒಡಕು, ಅದರೊಳಗೆ ಎಷ್ಟು ತೊಳೆದರೂ ಹೋಗದ ಕೆಮ್ಮಣ್ಣು. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಳಗೆ ಬರಲಿಲ್ಲ.

ನಮ್ಮ ಸೀಮೆಯಲ್ಲಿ ಕೊಬ್ಬರಿ ಹೇಗೆ ಮಾಡುತ್ತಾರೆಂದು ಗೊತ್ತಿಲ್ಲದವರಿಗೆ ಇಲ್ಲಿ ಎರಡು ಮಾತು. ಮಾಗಿದ ಕಾಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚು ಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಎನ್ನದಿದ್ದರೆ ಇನ್ನೂ ಅಂಟಿಕೊಂಡಿದೆ, ಒಡೆದರೆ ಹಾಳು. ನನ್ನ ಕಿವಿ ಚುರುಕು ಎಂದು ಅಪ್ಪ ರಜೆಯಲ್ಲಿ ನನ್ನನ್ನು ಶಿವಗಂಗಮ್ಮನವರ ಅಟ್ಟಕ್ಕೆ ಹತ್ತಿಸುತ್ತಿದ್ದ. ಆ ದಿನ ಮಧ್ಯಾಹ್ನ ಅಣ್ಣನೂ ಹತ್ತಿ ಬಂದ. ಅಟ್ಟದಲ್ಲಿ ಕಾವು, ಧೂಳು, ಹೆಂಚಿನ ಸಂದಿನಿಂದ ಬೀಳುವ ಬಿಸಿಲಿನ ಕೋಲುಗಳು. ಅವನು ನನ್ನೆದುರು ಕೂತು ಒಂದು ಕಾಯಿ ಎತ್ತಿಕೊಂಡ.

"ನಾಡಿದ್ದು ಸ್ವಾಮ್ಯಾರು ಊಟಕ್ಕೆ ಬತ್ತಾರೆ. ನಿನ್ನ ಕೇಳ್ತಾರೆ."

"ಗೊತ್ತು. ಕೋಳಿ ಕುಯ್ತಾರೆ."

"ಕೋಳಿ ಇರ್ಲಿ ಕಣೇ. ಕೇಳ್ದಾಗ ನಿಜ ಹೇಳ್ಬುಡು."

"ಯಾವ ನಿಜ?"

"ಕಿಟಕೀಲಿ ನೋಡಿದ್ಯಲ್ಲ, ಅದು."

ನನ್ನ ಕೈಯಲ್ಲಿದ್ದ ಕಾಯಿ ಜಾರಿತು. ನಾನು ನೋಡಿದ್ದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೇ ಕೂತಿದ್ದ.

"ಪ್ರಾರ್ಥ್ನೆ ಮಾಡಕ್ಕೆ ಏನಾಗಿದ್ಯೋ ನಿಂಗೆ?"

"ಏನೂ ಆಗಿಲ್ಲ. ಒಳಗೆ ಏನೂ ಇಲ್ಲ ಕಣೇ ಲೂರ್ದು. ಮೊದಲು ಇತ್ತು, ಈಗಿಲ್ಲ. ಬಾಯಿ ಹೇಳ್ತದೆ, ನಾನು ಪಕ್ಕದಲ್ಲಿ ನಿಂತು ನೋಡ್ತಿರ್ತೀನಿ."

"ಹಂಗಾರೆ ನೀನೇ ಹೇಳು. ನಿಂಗೂ ಬಾಯೈತಲ್ಲ."

"ನಾನು ಹೇಳಿದ್ರೆ ನಾನು ಬುಟ್ಟು ಬಂದಂಗೆ. ಅವ್ರು ಬರೆದ್ರೆ ಅವ್ರೇ ಬ್ಯಾಡ ಅಂದಂಗೆ. ಅಮ್ಮನ ಪಾಲಿಗೆ ಎರಡೂ ಒಂದೇ ಅಲ್ಲ. ಅವ್ರೇ ಬ್ಯಾಡ ಅಂದ್ರೆ ಅಮ್ಮ ಅಳ್ತಾಳೆ, ಸುಮ್ನಾಗ್ತಾಳೆ. ನಾನೇ ಬ್ಯಾಡ ಅಂದ್ರೆ..."

"ಮತ್ತೆ ಅಮ್ಮನ ಚಪ್ಲಿ?"

ಅಣ್ಣ ನನ್ನ ಮುಖ ನೋಡಿದ. ಕೈಯಲ್ಲಿದ್ದ ಕಾಯನ್ನು ಅಲ್ಲಾಡಿಸದೆಯೇ ಒಣಗಿದ ರಾಶಿಗೆ ಎಸೆದು ಏಣಿ ಇಳಿದು ಹೋದ. ಆ ಕಾಯನ್ನು ಹುಡುಕಿ ತೆಗೆಯಬೇಕೆಂದುಕೊಂಡೆ. ರಾಶಿಯಲ್ಲಿ ಯಾವುದು ಅಂತ ಗೊತ್ತಾಗಲಿಲ್ಲ.

ಸ್ವಾಮಿಗಳು ಬಂದರು. ಮುದ್ದೆ, ಕಾಯಿ ರುಬ್ಬಿ ಹಾಕಿದ ಕೋಳಿ ಸಾರು, ಅನ್ನ, ಒಬ್ಬಟ್ಟು. ಗಂಡಸರು ಮೂವರೂ ಸಾಲಾಗಿ ಕೂತಿದ್ದರು. ಅಮ್ಮ ಅಡುಗೆ ಮನೆಯ ಹೊಸ್ತಿಲಲ್ಲಿ ಕಟ್ಟು ಹಾಕಿದ ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಕೂತಿದ್ದಳು. ಆದರೂ ಅವರ ಕಣ್ಣಿಗೆ ಬಿತ್ತು.

"ಏನಮ್ಮ ಕಾಲಿಗೆ?"

"ಚಿಪ್ಪು ಚುಚ್ತು ಸ್ವಾಮಿ. ವಾಸಿ ಆಗ್ತೈತೆ."

"ಚಪ್ಪಲಿ ಹಾಕ್ಕೊಂಡು ಓಡಾಡಬಾರದೇನಮ್ಮ?"

"ಹೂಂ ಸ್ವಾಮಿ, ಹಾಕ್ಕಂತೀನಿ."

ಅಪ್ಪ ಬಾಯಿ ತೆರೆದ. ಅಮ್ಮ ಅವನನ್ನು ಒಂದು ನೋಟ ನೋಡಿದಳು. ಅಪ್ಪ ತೆರೆದ ಬಾಯಿಗೆ ಮುದ್ದೆ ಇಟ್ಟುಕೊಂಡ. ಸ್ವಾಮಿಗಳು ಅಣ್ಣನ ಕಡೆ ತಿರುಗಿದರು. ಗುರುಮಠದ ಹುಡುಗರನ್ನು ಬ್ರದರ್ ಎಂದೇ ಕರೆಯುವುದು.

"ಏನಪ್ಪ ಬ್ರದರ್, ದೊಡ್ಡ ಗುರುಮಠಕ್ಕೆ ಹೋಗೋ ಹೊತ್ತು. ನಿನ್ನ ಇಷ್ಟದಿಂದ ತಾನೆ ಹೋಗ್ತಿರೋದು?"

ಅಣ್ಣ ತಟ್ಟೆ ನೋಡುತ್ತಾ, "ಮನೆಯೋರನ್ನೂ ಕೇಳಿ ಫಾದರ್" ಎಂದ.

"ಕೇಳ್ದೇ ಬಿಡ್ತೀನಾ? ಎಲ್ಲಿ ನಮ್ಮ ಸಾಕ್ಷಿ? ಬಾರಮ್ಮ ಲೂರ್ದು. ನಿಮ್ಮಣ್ಣ ಈ ಸಲ ಪ್ರಾರ್ಥನೆ ಸರಿಯಾಗಿ ಮಾಡಿದ್ನಾ, ಇಲ್ಲಾ ಮಲಗಿಬಿಟ್ನಾ?"

ನಾನು ಗೋಡೆ ಬಿಟ್ಟು ಮುಂದೆ ಬಂದೆ. ಬಲಕ್ಕೆ ಅಣ್ಣನ ಬಗ್ಗಿದ ಕತ್ತು ಕಾಣುತ್ತಿತ್ತು. ಎಡಕ್ಕೆ ಸೀರೆಯ ಅಂಚಿನಿಂದ ಹೊರಗೆ ಜಾರಿದ್ದ ಅಮ್ಮನ ಹೆಬ್ಬೆರಳು. ನಾನು ಬಾಯಿ ತೆರೆದೆ.

"ಐದೂವರೆಗೆ ಏಳ್ತಾನೆ ಫಾದರ್. ಆರಕ್ಕೆ ಜಪದ ಮನೇಲಿ ಧ್ಯಾನ. ಮಂಡಿಯೂರಿ. ಪುಸ್ತಕದಲ್ಲಿ ದಿನಾ ಎರಡು ಹಾಳೆ ಓದ್ತಾನೆ, ದಾರ ಮುಂದಕ್ಕೆ ಹಾಕ್ತಾನೆ. ರಾತ್ರಿ ಜಪಸರ ಆದ್ಮೇಲೆ ಮಹಾಮೌನ. ಕಣ್ಣಲ್ಲಿ ನೀರು ಬರ್ತದೆ ಒಂದೊಂದ್ಸಲ, ಪ್ರಾರ್ಥ್ನೆ ಮಾಡೋವಾಗ. ನಾನು ಕಿಟಕೀಲಿ ನೋಡಿದೀನಿ."

ನೀಲಿ ಪುಸ್ತಕದ ಇಡೀ ಹಾಳೆಯನ್ನು ನಾನು ಒಂದೇ ಉಸಿರಿಗೆ ಒಪ್ಪಿಸಿದೆ. ಕಣ್ಣೀರು ಮಾತ್ರ ನನ್ನ ಸ್ವಂತದ್ದು. ಸ್ವಾಮಿಗಳು ಚಪ್ಪಾಳೆ ತಟ್ಟಲು ಹೋಗಿ, ಕೈ ಎಂಜಲು ಎಂದು ನೆನಪಾಗಿ ನಿಲ್ಲಿಸಿದರು.

"ಅಬ್ಬಾ! ಗುರುಮಠದವರೇ ಇಷ್ಟು ಚೆನ್ನಾಗಿ ಹೇಳಲ್ಲ."

ಅಪ್ಪ ನಕ್ಕ. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮುದ್ದೆ ಮುರಿಯುತ್ತಿದ್ದ ಅಣ್ಣನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಅವನು ಮತ್ತೊಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದ. ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ಕೈ ತೊಳೆದ ಮೇಲೆ ಸ್ವಾಮಿಗಳು ಟ್ರಂಕಿನ ಮೇಲೆ ಕಾಗದ ಇಟ್ಟುಕೊಂಡು ಬರೆದು, ಅಂಟು ಹಾಕಿ, ಅಣ್ಣನ ಕೈಗೆ ಕೊಟ್ಟು ಭುಜ ತಟ್ಟಿದರು.

ಎರಡು ದಿನದ ನಂತರ ಅಣ್ಣನನ್ನು ಬಸ್ಸಿಗೆ ಬಿಡಲು ನಾನೂ ಅಪ್ಪನೂ ಹೋದೆವು. ಅಮ್ಮ ಬಾಗಿಲವರೆಗೆ ಕುಂಟುತ್ತಾ ಬಂದು ಹಣೆಯ ಮೇಲೆ ಶಿಲುಬೆ ಗುರುತು ಹಾಕಿದ್ದಳು. ಅಪ್ಪ ಟ್ರಂಕು ಮೇಲೆ ಹಾಕಿಸಲು ಹೋದಾಗ ಅಣ್ಣ ನನ್ನ ಹತ್ತಿರ ಬಗ್ಗಿದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಚೆನ್ನಾಗ್ ಹೇಳ್ದೆ ಕಣೇ ಲೂರ್ದು. ನಾನೇ ನಂಬ್ಬುಟ್ಟೆ."

ಅಂಗಿಯ ಜೇಬಿನಲ್ಲಿ ಲಕೋಟೆ ಬಿಳಿಯಾಗಿ ಕಾಣುತ್ತಿತ್ತು. ಬಸ್ಸು ಹೊರಟಿತು. ದಾರಿಯಲ್ಲಿ ಅಪ್ಪ, ಯಾಕೆ ಅಳುತ್ತೀಯ, ಅವನು ಒಳ್ಳೆಯ ಕಡೆಗೆ ತಾನೆ ಹೋಗುತ್ತಿರುವುದು ಎಂದ. ನಾನು ಕಣ್ಣಿಗೆ ಧೂಳು ಬಿತ್ತು ಎಂದೆ. ಅದು ಎರಡನೆಯ ಸುಳ್ಳು.

ಒಂದು ಸಲ, ಬಹಳ ದಿನದ ಮೇಲೆ, ನಾನು ಅಪ್ಪನನ್ನು ಕೇಳಿದ್ದೇನೆ. ಅಣ್ಣನಿಗೆ ನಿಜವಾಗಿಯೂ ಇದರಲ್ಲಿ ಮನಸ್ಸಿದೆಯಾ ಅಂತ ನಿನಗೆ ಅನ್ನಿಸುತ್ತದಾ ಎಂದು. ಅಪ್ಪ ಮಚ್ಚಿನ ಹಿಂಬದಿಯಿಂದ ಚಿಪ್ಪು ತಟ್ಟುತ್ತಿದ್ದ. ಕೈ ನಿಲ್ಲಿಸದೆ ಹೇಳಿದ.

"ಅಲ್ಲಾಡ್ಸಿ ಕೇಳಕ್ಕೆ ಮನುಷ್ಯ ಏನ್ ಕಾಯೇನೇ? ಬುಡು."

ಅಣ್ಣ ಮತ್ತೆ ಯಾವತ್ತೂ ಆ ವಿಷಯ ಎತ್ತಲಿಲ್ಲ. ಮುಂದಿನ ರಜೆಗಳು ಚಿಕ್ಕದಾದವು. ಊರವರಿಗೆ ಅವನು ಬ್ರದರ್ ಆದ. ಹಬ್ಬದ ದಿನ ಅವನು ಮಾತಾಡಿದರೆ ಹೆಂಗಸರು ಅಳುತ್ತಿದ್ದರು, ಅಷ್ಟು ಚೆನ್ನಾಗಿ ಮಾತಾಡುವುದನ್ನು ಕಲಿತಿದ್ದ. ಸಾಯುವವರ ಹಾಸಿಗೆಯ ಪಕ್ಕದಲ್ಲಿ ಅವನಷ್ಟು ಹೊತ್ತು ಯಾರೂ ಕೂರುವುದಿಲ್ಲ ಎಂದು ಜನ ಹೇಳುತ್ತಾರೆ. ಅವನೊಳಗೆ ಮತ್ತೆ ಏನಾದರೂ ಬಂದು ಕೂತಿತೋ, ಅಥವಾ ಪಕ್ಕದಲ್ಲಿ ನಿಂತು ನೋಡುವುದೇ ಅಭ್ಯಾಸವಾಯಿತೋ, ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಅವನ ಗುರುದೀಕ್ಷೆ ಆದಾಗ ನನಗೆ ಇಪ್ಪತ್ತು. ತಿಪಟೂರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುವ ಕೆಲಸಕ್ಕೆ ಸೇರಿದ್ದೆ. ಆ ಕಂದು ಚಪ್ಪಲಿಯನ್ನು ನಾನೇ ಆರಿಸಿ ತಂದೆ. ಮೆತ್ತನೆಯದು, ಹೆಬ್ಬೆರಳಿಗೆ ಉಂಗುರ ಇರುವಂಥದು. ಬಿಷಪ್ಪರು ಅಣ್ಣನ ಅಂಗೈಗೆ ತೈಲ ಹಚ್ಚಿದ ಮರುದಿನ, ನಮ್ಮ ಜಪದ ಮನೆಯ ಮುಂದೆ ಗರಿಯ ಚಪ್ಪರದಲ್ಲಿ ಅವನ ಮೊದಲ ಪೂಜೆ. ಅಣ್ಣ ಪೀಠದ ಮುಂದೆ ಪೂಜೆಗೆ ನಿಂತ ಕೂಡಲೇ ನಾನು ಅಮ್ಮನ ಮುಂದೆ ಕೂತು ಚಪ್ಪಲಿ ಇಟ್ಟೆ. ಶಿವಗಂಗಮ್ಮ ಪಕ್ಕದಲ್ಲೇ ನಿಂತು, "ಹಾಕ್ಕಳೇ, ಹಾಕ್ಕಳೇ" ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ನೆಲ ಮೆಟ್ಟಿದ ಪಾದ ಹರಡಿಕೊಂಡಿತ್ತು. ಹೆಬ್ಬೆರಳು ಉಂಗುರಕ್ಕೆ ಹೋಗಲಿಲ್ಲ. ಎಡಗಾಲಿನಲ್ಲಿ ಅವತ್ತು ಕೊಯ್ದ ಜಾಗದಲ್ಲಿ ಗಟ್ಟಿ ಗಂಟೊಂದು ಉಳಿದಿತ್ತು, ಪಟ್ಟಿ ಸರಿಯಾಗಿ ಅದರ ಮೇಲೆಯೇ ಕೂತಿತು. ನಾನು ಒತ್ತಿ ತೂರಿಸಿದೆ. ಅಮ್ಮ ತುಟಿ ಕಚ್ಚಿಕೊಂಡಳು.

ಪ್ರಸಾದ ತೆಗೆದುಕೊಳ್ಳಲು ಅವಳೇ ಮೊದಲು ಎದ್ದಳು. ಕೆರೆಯ ನೀರಿನಲ್ಲಿ ತಳ ತಡಕುತ್ತಾ ನಡೆಯುವವರಂತೆ ನಡೆದಳು. ಪೀಠದ ಹತ್ತಿರ ಅಣ್ಣ, ಬಿಳಿಯ ಉಡುಪಿನಲ್ಲಿ, ಪ್ರಸಾದದ ರೊಟ್ಟಿ ಎತ್ತಿ ಹಿಡಿದು ನಿಂತಿದ್ದವನು, ಅವಳ ಮುಖ ನೋಡಲಿಲ್ಲ. ಕಾಲು ನೋಡಿದ. ಆಮೇಲೆ ತಲೆಯೆತ್ತಿ ಅವಳ ಹಿಂದೆ ನಿಂತಿದ್ದ ನನ್ನನ್ನು ನೋಡಿದ. ಅವತ್ತು ಊಟದ ಹೊತ್ತಿನಲ್ಲಿ ನಿಂತಂತೆಯೇ ಅವನ ಕೈ ಒಂದು ಕ್ಷಣ ನಿಂತಿತು.

ನಾಲ್ಕು ದಿನ ಹಾಕಿಕೊಂಡಳು. ಐದನೆಯ ದಿನ ಬೆಳಗ್ಗೆ ಚಪ್ಪಲಿಯನ್ನು ಒರೆಸಿ ಬಾಗಿಲಲ್ಲಿ ಇಟ್ಟು ಬರಿಗಾಲಿನಲ್ಲಿ ನೀರಿಗೆ ಹೊರಟಳು.

"ಬ್ಯಾಡ ಕಣೇ ಲೂರ್ದು. ನೋಯ್ತದೆ. ನೆಲ ಎಲ್ಲೈತೆ ಅಂತ್ಲೇ ಗೊತ್ತಾಗಲ್ಲ."

ಕಳೆದ ವರ್ಷ ನನ್ನ ಹಳೆಯ ಹುಚ್ಚಿನಲ್ಲಿ ಚರ್ಚಿನ ಕಟ್ಟಳೆಗಳ ಬಗ್ಗೆ ಓದುತ್ತಿದ್ದೆ. ಒಂದು ಕಡೆ ನಿಂತುಬಿಟ್ಟೆ. ಒಬ್ಬರು ತಾವಾಗಿ ದೇವರಿಗೆ ಹೊತ್ತ ಹರಕೆಯನ್ನು, ನ್ಯಾಯವಾದ ಕಾರಣವಿದ್ದರೆ, ಅವರ ಚರ್ಚಿನ ಸ್ವಾಮಿಗಳೇ ಬಿಡಿಸಬಹುದು. ದೂರ ಹೋಗಬೇಕಾಗಿರಲಿಲ್ಲ. ನಮ್ಮ ಮನೆಯ ಚಾಪೆಯ ಮೇಲೆ ಕೂತು, ಚಪ್ಪಲಿ ಹಾಕಬಾರದೇನಮ್ಮ ಎಂದು ಕೇಳಿದವರ ಕೈಯಲ್ಲೇ ಅದು ಇತ್ತು. ಅವರಿಗೆ ಹರಕೆ ಗೊತ್ತಿರಲಿಲ್ಲ, ನಮಗೆ ಕಟ್ಟಳೆ ಗೊತ್ತಿರಲಿಲ್ಲ. ಹರಕೆ ಇಳಿಸಿಕೋ ಎಂದ ಶಿವಗಂಗಮ್ಮನವರೊಬ್ಬರೇ ಸರಿಯಾಗಿ ಹೇಳಿದ್ದರು. ನೀಲಿ ಪುಸ್ತಕವನ್ನೆಲ್ಲ ಬಾಯಿಪಾಠ ಮಾಡಿದ ನನಗೆ ಅದೊಂದು ಸಾಲು ಸಿಕ್ಕಿರಲಿಲ್ಲ. ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ.

ಈಗ ನಮ್ಮ ಬಾಗಿಲಲ್ಲಿ ಮತ್ತೆ ಮೂರು ಜೊತೆ. ಅಪ್ಪನದು, ನನ್ನದು, ಆ ಕಂದು ಜೊತೆ. ಅಣ್ಣ ಬರುವ ದಿನ ಬಸ್ಸಿನ ಹಾರನ್ ಕೇಳಿದ ಕೂಡಲೇ ಅಮ್ಮ ಅದನ್ನು ಹೇಗೋ ತೂರಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ಅವನು ಹೋದ ಮೇಲೆ ಬಿಟ್ಟು, ಗಂಟಿನ ಮೇಲೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾಳೆ. ಅಪ್ಪನೂ ಈ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಭಾನುವಾರ ಪೂಜೆಗಳೆಲ್ಲ ಮುಗಿದ ಮೇಲೆ ಅಣ್ಣ ನನಗೆ ಫೋನ್ ಮಾಡುತ್ತಾನೆ. ಅದೂ ಇದೂ ಮಾತಾಡಿ, ಇಡುವ ಮೊದಲು ಒಂದು ಮಾತು ಕೇಳಿಯೇ ಕೇಳುತ್ತಾನೆ.

"ಅಮ್ಮ ಚಪ್ಲಿ ಹಾಕ್ಕಂತಾಳೇನೇ?"

"ಹಾಕ್ಕಂತಾಳೆ ಅಣ್ಣ."

"ನಿಜ್ವಾಗ್ಲೂ?"

"ದಿನಾ ಹಾಕ್ಕಂತಾಳೆ."

ಆಮೇಲೆ ಅವನು, "ಸರಿ ಬುಡು" ಎಂದು ಇಡುತ್ತಾನೆ.

ಇದನ್ನು ಅವನು ಓದಬಹುದು. ಓದಲಿ ಎಂದೇ ಬರೆದೆ, ಬಾಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ನಿಮ್ಮ ಮನೆಯಲ್ಲೂ ಒಬ್ಬರು ಹೊತ್ತ ಹರಕೆಯನ್ನು ಇನ್ನೊಬ್ಬರು ತೀರಿಸಿದ್ದುಂಟಾ? ನಿಮ್ಮ ಬಾಗಿಲಲ್ಲೂ ಯಾರೂ ಮೆಟ್ಟದ ಒಂದು ಜೊತೆ ಇದೆಯಾ? ಅದು ಯಾರದು, ಅದರ ಬಗ್ಗೆ ನೀವು ಯಾರಿಗೆ ಏನು ಹೇಳುತ್ತಾ ಬಂದಿದ್ದೀರಿ, ಎರಡೇ ಸಾಲಾದರೂ ಸರಿ, ನನಗೆ ಬರೆಯಿರಿ. ಭಾನುವಾರದೊಳಗೆ ಬರೆದರೆ ಒಳ್ಳೆಯದು. ಫೋನ್ ಬರುವ ಮೊದಲು ಓದಿಕೊಳ್ಳುತ್ತೇನೆ.